ನೆಂಟರೊಂದಿಗೆ ಪ್ಯಾಂಥಿಯನ್

ಜರ್ಮನಿಯ ಶ್ವೀಬರ್ಡಿಂಗೆನ್‌ನ ನಮ್ಮ ಮನೆಗೆ ಯಾರೇ ಬರಲಿ, ಅವರನ್ನು ಪ್ಯಾರಿಸ್‌ಗೆ ಕರೆದುಕೊಂಡು ಹೋಗುವ ಕೆಲಸ ನನ್ನದು. ಅಲ್ಲಿ ಪ್ಯಾಂಥಿಯನ್ ತೋರಿಸಲೇಬೇಕು. ಚರ್ಚ್ ಅಂತ ಕಟ್ಟಿ, ಆಮೇಲೆ ದೇಶದ ದೊಡ್ಡ ಮನುಷ್ಯರನ್ನು ಹೂಳುವುದಕ್ಕೆ ಇಟ್ಟುಕೊಂಡ ಕಟ್ಟಡ ಅದು. ಸುಮ್ಮನೆ ನೋಡಿಕೊಂಡು ಬಂದೆವು ಅನ್ನುವ ಹಾಗೆ ಒಮ್ಮೆಯೂ ಆಗಿಲ್ಲ.

ಸ್ನಾನ

ಮೈಸೂರಿನಿಂದ ಬಂದಿದ್ದ ನಮ್ಮತ್ತೆ ನೆಲಮಾಳಿಗೆಯನ್ನು ಖುಷಿಯಾಗಿಯೇ ಸುತ್ತಿದರು. ಅರ್ಧ ದಾರಿಯಲ್ಲಿ ನಿಂತು, "ಈ ಕಲ್ಲಿನ ಪೆಟ್ಟಿಗೇಲಿ ಏನಿದೆಯಮ್ಮ?" ಅಂದರು.

"ದೊಡ್ಡವರು, ಅತ್ತೆ."

"ಯಾವ ದೊಡ್ಡವರು?"

"ತೀರಿಕೊಂಡವರು."

ಮಂಡಿ ನೋವಿನ ಅತ್ತೆ ನನಗಿಂತ ಮುಂಚೆ ಮೇಲಿದ್ದರು. ಸ್ನಾನವಾಗದೆ ತೊಟ್ಟು ನೀರೂ ಕುಡಿಯುವುದಿಲ್ಲ ಅಂತ ಹಟ. ಹೋಟೆಲಿನಲ್ಲಿ ರೂಮು ಸಿಗುವುದು ಮಧ್ಯಾಹ್ನದ ಮೇಲೆ. ಕೌಂಟರಿನ ಹುಡುಗಿಗೆ, "ಇವರು ಪ್ಯಾಂಥಿಯನ್ ಒಳಗೆ ಹೋಗಿ ಬಂದಿದ್ದಾರೆ, ತಕ್ಷಣ ಸ್ನಾನ ಆಗಬೇಕು" ಅಂದೆ.

ಅವಳು ಅತ್ತೆಯನ್ನು ಕನಿಕರದಿಂದ ನೋಡಿ ಕೀ ಕೊಟ್ಟಳು. "ಟಿಕೆಟ್‌ಗೆ ಅಷ್ಟೊಂದು ತಗೋತಾರೆ, ಗುಡಿಸೋಕೇನು ಕಷ್ಟ ಅವರಿಗೆ?"

ಜಪಸರ

ಇನ್ನೊಮ್ಮೆ ಸಹೋದ್ಯೋಗಿಯೊಬ್ಬರ ತಾಯಿ ಜೊತೆಗಿದ್ದರು. ಮಂಗಳೂರಿನ ಕ್ಯಾಥೊಲಿಕ್ ಹೆಂಗಸು. ಗೋಪುರದ ಮೇಲೆ ಶಿಲುಬೆ ಕಂಡವರೇ ತಲೆಗೆ ಸೆರಗು ಹೊದ್ದರು. ಕೆಳಗೆ ಒಬ್ಬ ಮುದುಕನ ಪ್ರತಿಮೆ ಕಂಡಿತು. ಯಾರೋ ಸಂತರಿರಬೇಕು ಅಂತ ಮೊಣಕಾಲೂರಿ ಜಪಸರ ತೆಗೆದರು.

ನಾನು ಪಕ್ಕದ ಫಲಕ ಓದಿ ಬೆವತೆ. ಜಪ ಮುಗಿದ ಮೇಲೆ ಮೆಲ್ಲಗೆ ಹೇಳಿದೆ: "ಆಂಟಿ, ಇವರು ಸಂತರಲ್ಲ. ಬದುಕಿದ್ದಷ್ಟು ದಿನ ಪಾದ್ರಿಗಳನ್ನ ಗೇಲಿ ಮಾಡಿ ಬರೆದವರು."

ಅವರು ಪ್ರತಿಮೆಯ ಕಡೆ ತಿರುಗಿದರು.

"ಹೌದಾ ಮಾರಾಯ್ತಿ? ಹಾಗಾದ್ರೆ ಇವನಿಗೆ ಒಂದು ಜಪ ಸಾಲುದಿಲ್ಲ" ಎಂದು ಮತ್ತೆ ಮೊಣಕಾಲೂರಿದರು.

ಮನೆ

ನನ್ನ ತಮ್ಮ ಮ್ಯೂನಿಕ್‌ನಲ್ಲಿ ಒಂದು ವರ್ಷದಿಂದ ಬಾಡಿಗೆ ಮನೆ ಹುಡುಕುತ್ತಿದ್ದ. ಮನೆ ಸಿಗದೆ ಹೆಂಡತಿಯನ್ನು ಕರೆಸಿಕೊಳ್ಳುವ ಹಾಗಿಲ್ಲ. ಅವಳು ತವರಿನಲ್ಲಿ ಸೂಟ್‌ಕೇಸ್ ತುಂಬಿಟ್ಟು ಕೂತಿದ್ದಳು. ಮನಸ್ಸು ಹಗುರಾಗಲಿ ಅಂತ ಅವನನ್ನೂ ಪ್ಯಾರಿಸ್‌ಗೆ ಎಳೆದುಕೊಂಡು ಹೋದೆ.

ನೆಲಮಾಳಿಗೆಯಲ್ಲಿ ಖಾಲಿ ಕೋಣೆಗಳನ್ನು ಕಂಡು ಅವನ ಕಣ್ಣು ಅಗಲವಾಯಿತು. ಇಲ್ಲಿ ಕೋಣೆ ಸಿಗುವುದು ಹೇಗೆ ಅಂತ ಕಾವಲುಗಾರನನ್ನು ವಿಚಾರಿಸಿದ. ಅವನು ಗಂಭೀರವಾಗಿ, ಮೊದಲು ಸತ್ತಿರಬೇಕು, ಆಮೇಲೆ ರಾಷ್ಟ್ರಾಧ್ಯಕ್ಷರು ಒಪ್ಪಬೇಕು ಅಂದ.

"ಮ್ಯೂನಿಕ್‌ಗಿಂತ ಸುಲಭ ಕಣಕ್ಕಾ," ಅಂದ ತಮ್ಮ. "ಮಾಲೀಕ ಯಾರು ಅಂತಾದ್ರೂ ಗೊತ್ತಾಯ್ತು."

ಅಷ್ಟರಲ್ಲಿ ಹೆಂಡತಿಯ ವಿಡಿಯೋ ಕಾಲ್ ಬಂತು. ನಕ್ಕೊಳ್ಳಲಿ ಅಂತ ಫೋನನ್ನು ಒಂದು ಕೋಣೆಯ ಕಡೆ ತಿರುಗಿಸಿದ. ಕಮಾನಿನ ಸೂರು, ಕಲ್ಲಿನ ಗೋಡೆ, ನಡುವೆ ಯಾರದೋ ಉದ್ದನೆಯ ಸಮಾಧಿ. ಆ ಕಡೆಯಿಂದ ನಗು ಬರಲಿಲ್ಲ. ಅತ್ತು ಮೂಗೆಳೆದುಕೊಳ್ಳುವ ಸದ್ದು ಬಂತು, ಆಮೇಲೆ ಮಾತು:

"ಕಿಟಕಿ ಇಲ್ಲ, ಪರವಾಗಿಲ್ಲ ರೀ. ಅಡುಗೆ ಕಟ್ಟೆ ಚೆನ್ನಾಗಿ ಹಾಕಿಸಿದ್ದಾರೆ. ಬೇರೆಯವರು ಬರೋದ್ರೊಳಗೆ ಹೂಂ ಅಂದ್ಬಿಡಿ."