ಅಳಿಯನ ಕೆನಡಾ ಕೆಲಸಕ್ಕೆ ನಾನು ತೆಗೆದ ದೃಷ್ಟಿ

ಆಗ ನನಗೆ ಅರವತ್ತೆಂಟು. ಐದು ವರ್ಷದ ಹಿಂದಿನ ಮಾತು. ಕೊರೊನಾ ಬಂದು ಐರ್ಲೆಂಡಿನ ವಾಟರ್‌ಫರ್ಡ್‌ನಲ್ಲಿ ಮಗಳ ಮನೇಲಿ ಸಿಕ್ಕಿಹಾಕಿಕೊಂಡಿದ್ದೆ. ಆ ಮನೇಲಿ ಬುದ್ಧಿ ನೆಟ್ಟಗಿರೋಳು ನಾನೊಬ್ಬಳೇ ಅಂದ್ಕೊಂಡಿದ್ದೆ. ಯಾಕಂದ್ರೆ ಅಳಿಯ ಜನವರಿ ಚಳೀಲಿ ಕಿಟಕಿಯೆಲ್ಲ ತೆಗೆದಿಟ್ಟು ಕೂತ್ಕೊಳ್ಳೋನು.

"ಕೆನಡಾದಲ್ಲಿ ಮೈನಸ್ ಮೂವತ್ತು ಅತ್ತೆ. ಈಗಿಂದ್ಲೇ ಅಭ್ಯಾಸ ಆಗ್ಲಿ."

"ಕೆಲಸ ಸಿಗ್ಲಿ ತಡಿ, ಆಮೇಲೆ ನಡುಗೋಣ."

ಅಳಿಯನನ್ನ ಬಹುವಚನದಲ್ಲಿ ಮಾತಾಡಿಸೋದು ನಮ್ಮ ಪದ್ಧತಿ. ಒಂದು ವರ್ಷ ಒಂದೇ ಸೂರಿನಡಿ ಕೂಡಿಹಾಕಿದ್ರೆ ಯಾವ ಪದ್ಧತಿ ಉಳಿಯುತ್ತೆ?

ಅವನು ಓದಿದ್ದು ಕಡಲ ಪಾಚಿ. ನಾನು ಜೀವಮಾನವಿಡೀ ಬಚ್ಚಲಲ್ಲಿ ಉಜ್ಜಿ ಉಜ್ಜಿ ತೆಗೆದ ಪದಾರ್ಥಕ್ಕೆ ಅವನು ಡಾಕ್ಟರೇಟ್ ತಗೊಂಡಿದ್ದ. ಇಲ್ಲಿನ ಕಾಲೇಜಿನ ಕೆಲಸ ಮಾರ್ಚಿಗೆ ಮುಗೀತಿತ್ತು. ಕೆನಡಾದ ಯೂನಿವರ್ಸಿಟಿಗಳಲ್ಲಿ ಪಾಚಿ ಬಲ್ಲೋರಿಗೆ ಬೆಲೆ ಅಂತ ದಿನಕ್ಕೊಂದು ಅರ್ಜಿ ಹಾಕೋನು. ಅರ್ಜಿ ಅಂದ್ರೆ ಒಂದು ಹಾಳೆ ಅಲ್ಲ. ಏನು ಸಂಶೋಧನೆ ಮಾಡಿದೆ ಅಂತ ಐದು ಪುಟ, ಹೇಗೆ ಪಾಠ ಮಾಡ್ತೀನಿ ಅಂತ ಎರಡು ಪುಟ, ನಾನೆಷ್ಟು ಸಮರ್ಥ ಅಂತ ಒಂದು ಪುಟ. ಎಲ್ಲಾನೂ ಕನ್ನಡದಲ್ಲಿ ಹೇಳಿ ನನ್ನ ಒಪ್ಪಿಗೆ ತಗೊಳ್ಳೋನು. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟೋಳ ಒಪ್ಪಿಗೆ!

"ನಿನ್ನನ್ನ ನೀನೇ ಹೊಗಳ್ಕೊಂಡಿದೀಯಲ್ಲಪ್ಪ, ನಾಚಿಕೆ ಆಗಲ್ವಾ?" ಅಂದೆ.

ಪಾಪ, ಅಳಿಸಿದ. ಆಮೇಲೆ ಯಾವ ಕಡೆಯಿಂದಲೂ ಉತ್ತರಾನೇ ಇಲ್ಲ. ಮಗಳು ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದು ಓದಿದ್ಲು. "ಇದನ್ನ ನೋಡಿದ್ರೆ ನಿಮಗೆ ಏನೂ ಬರಲ್ಲ ಅನ್ಸುತ್ತೆ. ಹೀಗೆ ಬರೀರಿ ಅಂತ ಯಾರು ಹೇಳಿದ್ದು?" ನಾನು ಸೊಪ್ಪು ಬಿಡಿಸ್ತಿದ್ದೆ. ಬಿಡಿಸ್ತಾನೇ ಇದ್ದೆ.

ಹೊಗಳಿಕೆ ವಾಪಸ್ ಸೇರಿಸಿದ ಮೇಲೆ ಒಂದೇ ಒಂದು ಕಡೆಯಿಂದ ಕರೆ ಬಂತು. ಮಧ್ಯಾಹ್ನ ಕಂಪ್ಯೂಟರಲ್ಲೇ ಇಂಟರ್‌ವ್ಯೂ, ಕೇಳೋರು ಐದು ಜನ. ಇದು ಕೈತಪ್ಪಿದ್ರೆ ಅವನು ಮಾರ್ಚಿಗೆ ಮನೇಲಿ ಕೂರಬೇಕು. ಚಳಿಗೆ ಮಾತು ತೊದಲದೇ ಇರ್ಲಿ ಅಂತ ಕಿಟಕಿಯೆಲ್ಲ ಮುಚ್ಚಿದೆ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಐದು ಜನ ಒಟ್ಟಿಗೆ ದಿಟ್ಟಿಸಿ ನೋಡ್ತಾರೆ, ದೃಷ್ಟಿ ತಾಗಲ್ವಾ? ಉಪ್ಪು, ಒಣಮೆಣಸಿನಕಾಯಿ ಹಿಡಿದು ಅವನ ರೂಮಿನ ಬಾಗಿಲಿಗೇ ಮೂರು ಸಲ ನಿವಾಳಿಸಿ, ಅಡುಗೆಮನೇಲಿ ಬಾಣಲೆಗೆ ಹಾಕಿ ಸುಟ್ಟೆ.

ಘಾಟು ಬರದಿದ್ರೆ ದೃಷ್ಟಿ ತಾಗಿತ್ತು ಅಂತ ಅರ್ಥ. ಘಾಟು ಬಂತು. ಚಾವಣಿಯ ಸ್ಮೋಕ್ ಅಲಾರಂ ಬೀದಿಗೆಲ್ಲ ಕೇಳೋ ಹಾಗೆ ಕಿರುಚೋಷ್ಟು ಬಂತು. ಅಂದ್ರೆ ದೃಷ್ಟಿ ತಾಗೇ ಇರ್ಲಿಲ್ಲ.

ಕೆಮ್ಮಿ ಕೆಮ್ಮಿ ಅಲ್ಲೇ ಕುಸಿದೆ. ಅಳಿಯ ಐದು ಜನರನ್ನ ಹಾಗೇ ಬಿಟ್ಟು ಓಡಿಬಂದ. ನನ್ನನ್ನ ಎತ್ಕೊಂಡು ಹೋಗಿ ಮನೆ ಮುಂದಿನ ಹುಲ್ಲಿನ ಮೇಲೆ ಕೂರಿಸಿದ. ಪಕ್ಕದ ಮನೆ ಐರಿಷ್ ಮುದುಕ ಬೇಲಿ ಆಚೆಯಿಂದ "ಗ್ರ್ಯಾಂಡ್?" ಅಂತ ಕೇಳಿದ. ಅಲ್ಲಿಯೋರ ಮಾತಲ್ಲಿ ಅದು ಆರಾಮಾ ಅಂತ. ಎಲ್ಲಿಯ ಗ್ರ್ಯಾಂಡು.

"ಹೋಗಪ್ಪ, ಅವರು ಕಾಯ್ತಿದಾರೆ."

"ಕಾಯ್ಲಿ. ಮೊದ್ಲು ಉಸಿರು ಎಳ್ಕೊಳ್ಳಿ."

"ನಾನು ಇವತ್ತಲ್ಲ ನಾಳೆ ಹೋಗೋ ಮುದುಕಿ. ಕೆಲಸ ಹೋಗುತ್ತೆ ಕಣೋ."

"ಕೆನಡಾದಲ್ಲಿ ಯೂನಿವರ್ಸಿಟಿ ಬೇಕಾದಷ್ಟಿವೆ ಅತ್ತೆ" ಅಂತ ಬೆನ್ನು ಸವರ್ತಾನೇ ಇದ್ದ.

ಒಳಗೆ ಹೋಗಿ ನೋಡಿದಾಗ ಪರದೆ ಮೇಲೆ ಯಾರೂ ಇರ್ಲಿಲ್ಲ. ಅಳಿಯ ಕಿಟಕಿಯೆಲ್ಲ ತೆಗೆದ. ಬಾಣಲೆ ತಾನೇ ತೊಳೆದಿಟ್ಟ.

ಮಾರನೇ ದಿನ ಬೆಳಿಗ್ಗೆ ಅವನು ಏಳೋದ್ರೊಳಗೆ ಪೆನ್ನು ಹಿಡಿದು ಕೂತೆ. ನಾಲ್ಕು ಸಾಲಿಗೆ ಒಂದು ಗಂಟೆ ಹಿಡೀತು. ಡ್ಯೂಟಿಯಿಂದ ಬಂದ ಮಗಳಿಗೆ ಬೂಟು ಬಿಚ್ಚೋಕೂ ಬಿಡದೆ, ಇದನ್ನ ಇಂಗ್ಲಿಷ್ ಮಾಡಿ ಆ ಐದು ಜನಕ್ಕೂ ಕಳಿಸು ಅಂದೆ: "ಹೊಗೆ ಹಾಕಿದ್ದು ನಾನು. ನನ್ನ ಅಳಿಯ ಎದ್ದು ಹೋಗಿದ್ದು ನಾನು ಸಾಯಬಾರದು ಅಂತ. ಅವನನ್ನ ಇನ್ನೊಂದು ಸಲ ಕೂರಿಸಿ ಕೇಳಿ. ಆ ಹೊತ್ತಿಗೆ ನಾನು ಮನೆಯಿಂದ ಆಚೆ ಇರ್ತೀನಿ."