ಉಳಿದುಹೋದ ಇಪ್ಪತ್ತೊಂದು ಮಾತ್ರೆಗಳು

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಶೇಷಗಿರಿಯವರ ಫೋನಿಗೆ ಒಂದು ಮೆಸೇಜು ಬಂತು. "ಅಂಕಲ್, ಇವತ್ತ ಮಧ್ಯಾಹ್ನ ಒಂದಕ್ಕ ಬರೂದು ಮರೀಬ್ಯಾಡ್ರಿ. ಬಾಟಲಿನೂ ತರ್ರಿ. ಉಳಿದ ಮಾತ್ರಿ ಎಣಸಬೇಕು. ಸುರಯ್ಯಾ."

ಎಣಿಸುತ್ತಾರೆ! ಶೇಷಗಿರಿಯವರು ಔಷಧದ ಕಪಾಟಿಗೆ ಓಡಿದರು. ಬಾಟಲಿಯನ್ನು ಊಟದ ಮೇಜಿನ ಮೇಲೆ ಸುರುವಿ ಎಣಿಸಿದರು. ಇಪ್ಪತ್ತಮೂರು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದರು. ಆಗಲೂ ಇಪ್ಪತ್ತಮೂರೇ. ಕೊಟ್ಟದ್ದು ಮೂವತ್ತೆರಡು, ಕಳೆದದ್ದು ಮೂವತ್ತು ದಿನ, ಉಳಿಯಬೇಕಾದದ್ದು ಎರಡು. ಇಪ್ಪತ್ತೊಂದು ಮಾತ್ರೆ ಹೆಚ್ಚಾಗಿ ಕೂತು ಅವರ ಮುಖವನ್ನೇ ನೋಡುತ್ತಿದ್ದವು.

ಸುರಯ್ಯಾ ಪಕ್ಕದ ಮನೆಯ ರಹೀಮ್ ಸಾಹೇಬರ ಮಗಳು. ಶಿಕಾಗೋ ಹತ್ತಿರದ ಇಟಾಸ್ಕಾದ ಒಂದು ಸಂಶೋಧನಾ ಕಚೇರಿಯಲ್ಲಿ ಕೆಲಸ. ರಕ್ತದೊತ್ತಡಕ್ಕೆ ಹೊಸದಾಗಿ ಬಂದ ಒಂದು ಔಷಧ ಒತ್ತಡವನ್ನು ಎಷ್ಟು ಇಳಿಸುತ್ತದೆ, ಹೃದಯದ ಬಡಿತಕ್ಕೆ ಏನು ಮಾಡುತ್ತದೆ ಎಂದು ಜನರ ಮೇಲೆ ಪರೀಕ್ಷೆ ನಡೆಸುತ್ತಿದ್ದರು. ಅವಳು ಸ್ವತಃ ಹೊಣೆ ಹೊತ್ತ ಮೊದಲ ಪರೀಕ್ಷೆ ಅದು. ಬಿಪಿ ಇರುವವರು ಬೇಕಂತೆ ಎಂದು ಕೇಳಿದ ಕೂಡಲೇ ಶೇಷಗಿರಿಯವರು ಎದೆಯುಬ್ಬಿಸಿ, "ನನ್ನ ಸೇರಿಸ್ಕೊಳಮ್ಮ, ಶಿಸ್ತಿಗೆ ನನ್ನ ಬಿಟ್ರೆ ಇನ್ಯಾರಿದಾರೆ?" ಎಂದಿದ್ದರು. ಅವಳು ಹೈಸ್ಕೂಲಿನಲ್ಲಿದ್ದಾಗ ಎರಡು ವರ್ಷ ಇದೇ ಮೇಜಿನ ಮೇಲೆ ಅವಳಿಗೆ ಬೀಜಗಣಿತ ಹೇಳಿಕೊಟ್ಟವರು ಇವರೇ. ಪುಸ್ತಕದ ಹಿಂದಿನ ಉತ್ತರ ನೋಡಿ ಬರೆದರೆ ಹಾಳೆಯನ್ನೇ ಹರಿದುಹಾಕಿ, "ಲೆಕ್ಕದಲ್ಲಿ ಸುಳ್ಳು ಹೇಳೋರು ಜೀವನದಲ್ಲೂ ಹೇಳ್ತಾರೆ" ಎಂದು ಬೈದವರೂ ಇವರೇ.

ಇಂಥವರು ಮಾತ್ರೆ ಬಿಟ್ಟದ್ದಕ್ಕೆ ಕಾರಣ ಐ-ತೊಂಬತ್ತು ಎಂಬ ಹೆದ್ದಾರಿ. ಮೊದಲ ದಿನ ಮಾತ್ರೆ ನುಂಗಿ, ಎರಡು ಲೋಟ ಫಿಲ್ಟರ್ ಕಾಫಿ ಕುಡಿದು, ಹಾಫ್‌ಮನ್ ಎಸ್ಟೇಟ್ಸಿನ ಮನೆಯಿಂದ ಆಫೀಸಿಗೆ ಹೊರಟಿದ್ದರು. ರೋಸೆಲ್ ರೋಡ್ ದಾಟುವಷ್ಟರಲ್ಲಿ ಒಂದಕ್ಕೆ ಹೋಗುವ ಅವಸರ ಶುರುವಾಯಿತು. ಮುಂದೆ ಮೂರು ಮೈಲಿ ಕಾರುಗಳು ಅಲ್ಲಾಡದೆ ನಿಂತಿದ್ದವು. ಮುಂದಿನ ಎಕ್ಸಿಟ್ ಬರುವುದರೊಳಗೆ ಕಾರಿನೊಳಗೆ ಏನಾಯಿತೆಂದು ಅವರು ಯಾರಿಗೂ ಹೇಳಿಲ್ಲ, ನಾವೂ ಹೇಳುವುದು ಬೇಡ. ಅವತ್ತು ಆಫೀಸಿಗೆ ಹೋಗುವ ಮೊದಲು ಅವರು ಅಂಗಡಿಗೆ ಹೋಗಿ ಒಂದು ಹೊಸ ಪ್ಯಾಂಟು ಕೊಂಡರು ಎಂದರೆ ಸಾಕು. ಇದು ನೀರಿಳಿಸುವ ಮಾತ್ರೆಯೇ ಸರಿ ಎಂದು ತೀರ್ಮಾನಿಸಿ, ಅಂದಿನಿಂದ ಶನಿವಾರ ಭಾನುವಾರ ಮಾತ್ರ ನುಂಗುತ್ತ ಬಂದರು. ಮಗಳ ವಯಸ್ಸಿನ ಹುಡುಗಿಗೆ ಇದನ್ನು ಯಾವ ಬಾಯಲ್ಲಿ ಹೇಳುವುದು? ನಾಚಿಕೆಯಲ್ಲಿ ಒಂದು ತಿಂಗಳು ಕಳೆದುಹೋಯಿತು.

ಈಗ ಇಪ್ಪತ್ತೊಂದು ಮಾತ್ರೆಗಳಿಗೆ ಗತಿ ಕಾಣಿಸಬೇಕಿತ್ತು. ಪ್ಯಾಂಟಿನ ಜೇಬಿಗೆ ಹಾಕೋಣವೆಂದರೆ ಹೆಂಡತಿ ಇಂದುಮತಿ ಒಗೆಯುವ ಮುನ್ನ ಜೇಬು ತಡಕುತ್ತಾರೆ. ಕಮೋಡಿಗೆ ಸುರಿಯೋಣವೆಂದರೆ ಮೇಲಿನ ಬಾತ್‌ರೂಮಿನಲ್ಲಿ ಪ್ಲಂಬರ್, ಕೆಳಗಿನದರಲ್ಲಿ ಸ್ವತಃ ಇಂದುಮತಿ. ಕಡೆಗೆ ಮಾತ್ರೆಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ, ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಬರೀ ಚಪ್ಪಲಿ ಮೆಟ್ಟಿಕೊಂಡು ಡ್ರೈವ್‌ವೇ ತುದಿಯ ಕಸದ ಡಬ್ಬದ ಹತ್ತಿರ ಹೋದರು. ಮುಚ್ಚಳ ಎತ್ತಿದ್ದೇ ತಡ, ಹಿಮ ಗೋರುತ್ತಿದ್ದ ರಹೀಮ್ ಸಾಹೇಬರು ತಲೆಯೆತ್ತಿದರು.

"ಏನ್ರೀ ಸರ, ಇಂಥಾ ಥಂಡ್ಯಾಗ ಚಪ್ಪಲಿ ಮ್ಯಾಲ ಬಂದೀರಿ? ಏನ್ ಒಗ್ಯಾಕ್ಹತ್ತೀರಿ?"

"ಏನಿಲ್ಲ ಸಾರ್, ಯಾವ್ದೋ ಹಳೇ ಮಾತ್ರೆ."

"ಯಾರವ್ರಿ?"

"ನಮ್ಮತ್ತೆ ಪದ್ಮಮ್ಮನವರ್ದು. ಮೈಸೂರಿಗೆ ವಾಪಸ್ ಹೋಗುವಾಗ ಬಿಟ್ಟೋಗಿದಾರೆ." ಮೊದಲ ಸುಳ್ಳು ಸಲೀಸಾಗಿ ಬಂತು. ಅದಕ್ಕೇ ಅವರಿಗೆ ಇನ್ನಷ್ಟು ನಾಚಿಕೆಯಾಯಿತು.

"ಛೇ ಛೇ, ಔಷಧ ಕಸದಾಗ ಹಾಕಬಾರ್ದ್ರೀ ಸರ! ನಮ್ಮ ಸುರಯ್ಯಾ ಕೇಳಿದ್ರ ಇಬ್ರಿಗೂ ಬೈತಾಳ. ಬ್ಯಾಡಾದ ಮಾತ್ರಿ ಹಾಕಾಕ ಪೊಲೀಸ್ ಸ್ಟೇಷನ್ಯಾಗ ಡಬ್ಬಿ ಇಟ್ಟಾರ. ಬರ್ರಿ, ನನ್ನ ಗಾಡಿ ಬೆಚ್ಚಗ ಐತಿ."

"ನಾಳೆ ಹೋದರಾಯ್ತು ಬಿಡಿ."

"ನಾಳಿ ಯಾಕ್ರಿ? ಸುರಯ್ಯಾ ಊಟದ ಡಬ್ಬಿ ಮರ್ತು ಹೋಗ್ಯಾಳ, ನಾ ಹೆಂಗೂ ಇಟಾಸ್ಕಾಕ್ಕ ಹೊಂಟೀನಿ. ನಿಮಗೂ ಇವತ್ತ ಅಲ್ಲೇ ಕೆಲಸ ಐತಂತಲ್ಲ. ಬೂಟು ಹಾಕ್ಕೊಂಡು ಬರ್ರಿ."

ಒಳ್ಳೆಯವರ ಒಳ್ಳೆಯತನದಿಂದ ತಪ್ಪಿಸಿಕೊಳ್ಳುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ. ಶೇಷಗಿರಿಯವರು ಬೂಟು, ಕೋಟು ಹಾಕಿಕೊಂಡು, ಎರಡೇ ಮಾತ್ರೆ ಉಳಿದ ಬಾಟಲಿಯನ್ನು ಒಂದು ಜೇಬಿಗೂ ಗಂಟನ್ನು ಇನ್ನೊಂದು ಜೇಬಿಗೂ ಸೇರಿಸಿ ಕಾರು ಹತ್ತಿದರು.

ಸ್ಟೇಷನ್ನಿನ ಹೊರಗೆ ರಹೀಮ್ ಸಾಹೇಬರು ಕಾರಿನಲ್ಲೇ ಕೂತರು. ಒಳಗೆ ಹೋದ ಶೇಷಗಿರಿಯವರು ಅವಸರದಲ್ಲಿ ಗಂಟು ಬಿಚ್ಚಿದರು. ಬಿಚ್ಚಿದ ರಭಸಕ್ಕೆ ಇಪ್ಪತ್ತೊಂದು ಮಾತ್ರೆಗಳೂ ಟಣಟಣ ಹಾರಿ ಲಾಬಿಯ ತುಂಬ ಉರುಳಿದವು. ಅಯ್ಯೋ ರಾಮ ಎಂದು ಅವರು ಮಂಡಿಯೂರಿ ಆರಿಸತೊಡಗಿದರು. ಆರಡಿ ಮೀರಿದ ಪೊಲೀಸನೊಬ್ಬ ಬಂದು, ಸೊಂಟದ ಮೇಲೆ ಕೈಯಿಟ್ಟು, ಬೆಂಚಿನ ಕೆಳಗೆ ಇನ್ನೊಂದಿದೆ ನೋಡಿ ಎಂದು ಬೆರಳು ತೋರಿಸಿದ. ಪಾಪ, ಸಹಾಯ ಮಾಡಲೆಂದೇ ಬಂದವನು.

ಅದೇ ಹೊತ್ತಿಗೆ ಕನ್ನಡ ಕೂಟದ ಕಾರ್ಯದರ್ಶಿ ಚಿದಂಬರ ಯುಗಾದಿ ಕಾರ್ಯಕ್ರಮದ ಪಾರ್ಕಿಂಗಿಗೆ ಅನುಮತಿ ಕೇಳಲು ಅಲ್ಲಿಗೆ ಬರಬೇಕೇ! ಗಾಜಿನ ಬಾಗಿಲಾಚೆ ಕಂಡದ್ದಿಷ್ಟು: ಶೇಷಗಿರಿ ನೆಲದ ಮೇಲೆ ಮಂಡಿಯೂರಿದ್ದಾರೆ, ತಲೆಯ ಮೇಲೆ ಪೊಲೀಸ್ ನಿಂತಿದ್ದಾನೆ, ಸುತ್ತ ಬಿಳಿ ಮಾತ್ರೆಗಳು. ಚಿದಂಬರ ಸಂಭಾವಿತ ಮನುಷ್ಯ. ಕಷ್ಟದಲ್ಲಿರುವವರಿಗೆ ಮುಜುಗರ ಮಾಡಬಾರದೆಂದು ಬಂದ ಹೆಜ್ಜೆಯಲ್ಲೇ ಹಿಂದಿರುಗಿದ. ಕಾರಿನಲ್ಲಿ ಕೂತು ಕೂಟದ ಮುನ್ನೂರು ಜನರ ವಾಟ್ಸಾಪ್ ಗುಂಪಿಗೆ, "ಶೇಷಗಿರಿಯವರಿಗೆ ಪೊಲೀಸ್ ತೊಂದರೆಯಾಗಿದೆ. ಮಾತ್ರೆಗಳ ವಿಷಯ ಇರಬೇಕು. ದಯವಿಟ್ಟು ಯಾರೂ ಅವರ ಮನೆಗೆ ಫೋನ್ ಮಾಡಿ ನೋಯಿಸಬೇಡಿ" ಎಂದು ಬರೆದ. ಐದೇ ನಿಮಿಷದಲ್ಲಿ ಎಲ್ಲರೂ ಇಂದುಮತಿಗೆ ಫೋನ್ ಮಾಡಿದರು.

ಇದೊಂದೂ ತಿಳಿಯದ ಶೇಷಗಿರಿಯವರು ಒಂದು ಗಂಟೆಗೆ ಇಟಾಸ್ಕಾದ ಕಚೇರಿಯಲ್ಲಿ ಸುರಯ್ಯಾಳ ಎದುರು ಕೂತಿದ್ದರು. ರಹೀಮ್ ಸಾಹೇಬರು ಹೊರಗೆ ಕಾಯುತ್ತಿದ್ದರು. ಅವಳು ಬಾಟಲಿಯನ್ನು ತಟ್ಟೆಗೆ ಸುರಿದಳು. ಎರಡು ಮಾತ್ರೆ.

"ಅಂಕಲ್!" ಅವಳ ಮುಖ ಅರಳಿತು. "ನಲವತ್ತು ಮಂದ್ಯಾಗ ಒಂದ್ ದಿನಾನೂ ತಪ್ಪಿಸದವ್ರು ನೀವೊಬ್ರ. ನಂಗೊತ್ತಿತ್ತು. ನೀವು ಅಂದ್ರ ನೀವ!"

ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವರಿಗೆ. ಸುರಯ್ಯಾ ಅವರ ತೋಳಿಗೆ ಬಿಪಿ ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ಜೇಬಿನಲ್ಲಿ ಸದ್ದಡಗಿಸಿದ್ದ ಫೋನು ಒಂದೇ ಸಮ ಗುರುಗುಟ್ಟುತ್ತಿತ್ತು. ಯಂತ್ರ ನೂರ ಎಂಬತ್ತಾರು ತೋರಿಸಿತು. ಐದು ನಿಮಿಷ ಬಿಟ್ಟು ನೋಡಿದರೆ ನೂರ ಎಂಬತ್ತೆಂಟು.

ಅವಳ ನಗು ಮಾಯವಾಯಿತು. "ಹಿಂಗ್ಯಾಕಾತು? ತಪ್ಪದೇ ನುಂಗಿದವರಿಗೇ ಇಳಿದಿಲ್ಲಂದ್ರ, ಔಷಧನ ಕೆಲಸಕ್ಕ ಬಾರದು ಅಂತ ಬರೀಬೇಕಾಗಬಹುದು ಅಂಕಲ್. ಕುಂದರ್ರಿ, ಡಾಕ್ಟರಿಗೆ ಹೇಳಿ ಬರ್ತೀನಿ." ಹೋಗುವಾಗ ಅವಳ ಭುಜ ಕುಸಿದದ್ದನ್ನು ಅವರು ನೋಡಿದರು.

ಒಬ್ಬರೇ ಆದಾಗ ಫೋನು ತೆಗೆದರು. ಇಂದುಮತಿ ಅಳುತ್ತಿದ್ದರು. "ರೀ, ಎಲ್ಲಿದೀರಾ? ಲಾಕಪ್ಪಲ್ಲಾ? ಅದೇನು ಮಾತ್ರೆ ಮಾರ್ತಿದ್ರಂತೆ? ಕೂಟದ ಛಾಯಾ ಲಾಯರ್ ನಂಬರ್ ಕಳ್ಸಿದಾಳೆ!"

ಬೇರೆ ದಾರಿಯಿರಲಿಲ್ಲ. ಶೇಷಗಿರಿಯವರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಐ-ತೊಂಬತ್ತು, ಹೊಸ ಪ್ಯಾಂಟು, ಕರವಸ್ತ್ರ, ಒಂದನ್ನೂ ಬಿಡಲಿಲ್ಲ.

"ಇಷ್ಟೇನಾ! ದೇವರು ದೊಡ್ಡೋನು. ಇರಿ, ಎಲ್ಲರ ಬಾಯಿ ಮುಚ್ಚಿಸ್ತೀನಿ."

"ಇಂದೂ, ಬೇಡ ಕಣೆ—" ಅಷ್ಟರಲ್ಲಿ ಫೋನು ಕಟ್ಟಾಗಿತ್ತು. ಮರುಕ್ಷಣವೇ ಗುಂಪಿನಲ್ಲಿ ಇಂದುಮತಿಯ ಬರಹ ಕಾಣಿಸಿಕೊಂಡಿತು. "ನಮ್ಮ ಮನೆಯವರು ಮರ್ಯಾದಸ್ಥರು. ಬಿಪಿ ಔಷಧ ತೊಗೊಂಡರೆ ಹೈವೇಯಲ್ಲಿ ತಡೆಯೋಕಾಗದೆ ಪ್ಯಾಂಟಲ್ಲೇ ಆಗುತ್ತೆ ಅಂತ, ಮಾತ್ರೆ ಬಿಸಾಡೋಕೆ ಸ್ಟೇಷನ್ನಿಗೆ ಹೋಗಿದ್ದರು. ಎಲ್ಲಾ ಆ ಔಷಧದ ದೋಷ. ಯಾರೂ ತಪ್ಪು ತಿಳಿಯಬೇಡಿ."

ಮುನ್ನೂರು ಜನ ಓದಿದರು. ಒಬ್ಬರು ಬಾರ್ಲಿ ನೀರು ಕುಡಿಸಿ ಎಂದರು. ಇನ್ನೊಬ್ಬರು ಶಿಕಾಗೋದವರೆಗೆ ಯಾವ ಎಕ್ಸಿಟ್ಟಿನಲ್ಲಿ ಶೌಚಾಲಯ ಚೊಕ್ಕಟವಾಗಿದೆ ಎಂದು ಪಟ್ಟಿಯನ್ನೇ ಹಾಕಿದರು. ಚಿದಂಬರ ಕೈಮುಗಿಯುವ ಚಿತ್ರ ಹಾಕಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ, ಮಾತ್ರೆಗೆ ಹೋದದ್ದು ಬರುತ್ತದೆಯೇ?

ಬಾಗಿಲು ತೆರೆದು ಸುರಯ್ಯಾ ಬಂದಳು. ಊರಿಗೆಲ್ಲ ಗೊತ್ತಾದ ಮೇಲೆ ಇವಳೊಬ್ಬಳಿಗೆ ಮುಚ್ಚಿಡುವುದೇನು? ಅದಕ್ಕಿಂತ ಹೆಚ್ಚಾಗಿ, ಆ ಕುಸಿದ ಭುಜ ಅವರ ಕಣ್ಣಿಂದ ಹೋಗಿರಲಿಲ್ಲ.

"ಸುರಯ್ಯಾ, ಔಷಧದ ಮೇಲೆ ತಪ್ಪು ಬರೀಬೇಡಮ್ಮ. ನಾನೇ ತೊಗೊಳ್ಲಿಲ್ಲ. ಇಪ್ಪತ್ತೊಂದು ಮಾತ್ರೆ ಬಿಸಾಡಿ ಬಂದೆ. ನಿನ್ನ ಮುಂದೆ ಒಳ್ಳೆಯವನು ಅನ್ನಿಸ್ಕೊಬೇಕಿತ್ತು." ಕಾರಣವನ್ನೂ ಹೇಳಿದರು. ಹೇಳುವಾಗ ನೆಲ ನೋಡುತ್ತಿದ್ದರು.

ಅವಳು ತಟ್ಟೆಯ ಎರಡು ಮಾತ್ರೆಗಳನ್ನು ಮತ್ತೆ ಬಾಟಲಿಗೆ ಹಾಕಿದಳು. ಆಮೇಲೆ ಮೆಲ್ಲಗೆ, "ನೀವ ಹಿಂಗ ಮಾಡಿದ್ರ, ಉಳಿದ ಮೂವತ್ತೊಂಬತ್ತು ಮಂದೀನ ನಾ ಹೆಂಗ ನಂಬ್ಲಿ ಅಂಕಲ್?" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ಅವರ ಲೆಕ್ಕ ಬರೆದಿದ್ದ ಹಾಳೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು.

"ಆ ಔಷಧ ಹಂಗಿತ್ತಮ್ಮ," ಶೇಷಗಿರಿಯವರು ಕೊನೆಯ ಹುಲ್ಲುಕಡ್ಡಿ ಹಿಡಿದರು. "ಅದನ್ನ ನುಂಗಿ ಡ್ರೈವ್ ಮಾಡೋಕೆ ಯಾವ ಮನುಷ್ಯನಿಗೂ ಆಗ್ತಿರಲಿಲ್ಲ. ಇದನ್ನಾದ್ರೂ ನಿಮ್ಮ ಸಂಶೋಧನೇಲಿ ಬರ್ಕೊ."

ಸುರಯ್ಯಾ ವಿಚಿತ್ರವಾಗಿ ನೋಡಿದಳು. "ಅಂಕಲ್, ಅರ್ಧ ಮಂದಿಗೆ ಔಷಧ ಕೊಡ್ತೀವಿ, ಅರ್ಧ ಮಂದಿಗೆ ಔಷಧನ ಇಲ್ಲದ ಮಾತ್ರಿ. ಯಾರಿಗೆ ಯಾವುದು ಅಂತ ನಮಗೂ ಗೊತ್ತಿರೂದಿಲ್ಲ. ಬಿಪಿ ನೂರ ಎಂಬತ್ತು ದಾಟಿದ್ರ ಮಾತ್ರ ಗುಟ್ಟು ಒಡೀಬೇಕು. ಡಾಕ್ಟರ್ ಈಗಷ್ಟ ನಿಮ್ಮದು ತೆಗೆದು ನೋಡಿದ್ರು."

"ಏನಿತ್ತು?"

"ಏನೂ ಇದ್ದಿಲ್ಲ. ಬರೇ ಹಿಟ್ಟು."

"ಹಾಗಾದರೆ ಐ-ತೊಂಬತ್ತರ ಮೇಲೆ ಆದದ್ದು?"

ಸುರಯ್ಯಾ ತಲೆ ತಗ್ಗಿಸಿ, ದೊಡ್ಡವರ ಎದುರು ಆಡಬಾರದ ಮಾತು ಆಡುವವಳಂತೆ ಹೇಳಿದಳು. "ಅದು ಮಾತ್ರಿದಲ್ಲ ಅಂಕಲ್. ನಿಮ್ದ."

ಹೃದಯದ ಡಾಕ್ಟರಿಗೊಂದು, ಮೂತ್ರಕೋಶದ ಡಾಕ್ಟರಿಗೊಂದು, ಎರಡು ಚೀಟಿ ಹಿಡಿದು ಶೇಷಗಿರಿಯವರು ಹೊರಗೆ ಬಂದರು. ಫೋನು ನೋಡುತ್ತಿದ್ದ ರಹೀಮ್ ಸಾಹೇಬರು ಥಟ್ಟನೆ ಅದನ್ನು ಜೇಬಿಗಿಟ್ಟು ಎದ್ದರು. ಅತ್ತೆಯ ಮಾತ್ರೆಯ ಸುದ್ದಿಯನ್ನು ಅವರು ಎತ್ತಲಿಲ್ಲ. ಇವರಿಗೂ ಅವರ ಮುಖ ನೋಡುವ ಧೈರ್ಯ ಬರಲಿಲ್ಲ. ಕಾರು ಹತ್ತಿ ಹೈವೇ ಸೇರುವ ಮುನ್ನ ರಹೀಮ್ ಸಾಹೇಬರು ಗಂಟಲು ಸರಿಮಾಡಿಕೊಂಡು, ತೀರಾ ಮರ್ಯಾದೆಯಿಂದ ಕೇಳಿದರು.

"ಸರ, ಮುಂದ ಟ್ರಾಫಿಕ್ ಭಾಳ ಐತಂತ. ಇಲ್ಲೇ ಎಲ್ಲ್ಯಾರ ಒಂದ್ ಕ್ಷಣ ನಿಲ್ಲಸೂಣೇನ್ರಿ?"

ಬೇಡ ಎನ್ನಲು ಶೇಷಗಿರಿಯವರು ಬಾಯಿ ತೆರೆದರು. ಆದರೆ ಬೇಡ ಎನ್ನುವ ಸ್ಥಿತಿಯಲ್ಲಿ ಅವರಿರಲಿಲ್ಲ.