ರಸೆಲ್‌ನ ಆರು ಕುಳ್ಳ ರಕ್ಕಸರು

ರಸೆಲ್ ಮೂರು ವಾರ ಕೂತು ರೂಪಿಸಿದ ದೈತ್ಯ ಹೋದ ಶನಿವಾರ ಟೀ ಆರುವ ಮೊದಲೇ ಸತ್ತುಹೋಗಿದ್ದ.

ಬರ್ನಿ ಊರಿನ ತನ್ನ ಗ್ಯಾರೇಜಿನಲ್ಲಿ ಹನ್ನೊಂದು ವರ್ಷದಿಂದ ರಸೆಲ್, ಮೇಜಿನ ಮೇಲೆ ಗೊಂಬೆಗಳನ್ನಿಟ್ಟು ಆಡುವ ಈ ಕಾಳಗದ ಕತೆಯಾಟ ನಡೆಸುತ್ತಿದ್ದ. ಗೆಳೆಯರಾದ ಟೆಗನ್, ಕೋರಿ, ಲಾಕ್ಲನ್ ಮೂವರೂ ಅದರಲ್ಲಿ ವೀರರು. ಕತೆ ಹೇಳುತ್ತ ಶತ್ರುಗಳನ್ನೆಲ್ಲ ಆಡಿಸುವುದು ರಸೆಲ್‌ನ ಪಾಲು. ಏಟು ಬಿತ್ತೋ ಇಲ್ಲವೋ ದಾಳ ಹೇಳುತ್ತಿತ್ತು. ಅವನ ಮನೆಗೆ ಬರುವವರು ಈ ಮೂವರೇ.

"ಬೇಜಾರ್ ಮಾಡ್ಕೋಬೇಡ," ಅಂದಿದ್ದಳು ಟೆಗನ್. "ಮುಂದಿನ ವಾರದ ಕಾಳಗಾನೂ ಹೀಗೇ ಸಪ್ಪೆ ಆದ್ರೆ ನಾವು ಲೈಬ್ರರೀಲಿ ಆಡೋ ಗುಂಪಿಗೆ ಸೇರ್ತೀವಿ."

ಆ ವಾರವೂ ಕಳೆದು ಶನಿವಾರ ಬೆಳಿಗ್ಗೆ, ನಿಂಬೆ ಕೇಕು ಕೊಡಲು ಬಂದ ಪಕ್ಕದ ಮನೆಯ ಮರ್ಲ್ ಮೇಜಿನ ಮೇಲಿನ ಗೊಂಬೆಗಳನ್ನು ನೋಡಿದರು. ಎಪ್ಪತ್ತಾರು ವರ್ಷದ ಮರ್ಲ್ ಊರಿನ ಹುಡುಗಿಯರಿಗೆ ಮೂವತ್ತು ವರ್ಷ ನೆಟ್‌ಬಾಲ್ ಎಂಬ ಚೆಂಡಾಟ ಕಲಿಸಿದವರು.

"ಈ ಕುಳ್ಳರು ಯಾಕೆ ಸಾಲಾಗಿ ನಿಂತಿದಾರೆ, ಬಸ್ಸಿಗೆ ಕಾಯ್ತಿದಾರಾ?"

"ರಕ್ಕಸರು. ಒಬ್ಬೊಬ್ರಾಗಿ ಬಂದು ಹೊಡೆದಾಡ್ತಾರೆ."

"ಸಾಯ್ತಾರೆ."

"ಹೂಂ. ಹಿಂದೊಂದು ಸಲ ಇನ್ನೊಬ್ಬ ದೈತ್ಯನ ಆಯಸ್ಸು ಎರಡರಷ್ಟು ಮಾಡಿದ್ದೆ. ಬೇಜಾರೂ ಎರಡರಷ್ಟಾಯ್ತು."

"ಅಲ್ಲ ಮಗೂ, ಇವರಿಗೆ ಜೀವದ ಮೇಲೆ ಆಸೆ ಇಲ್ವಾ? ಮನೇಲಿ ಹೆಂಡ್ತಿ ಮಕ್ಕಳಿಲ್ವಾ?"

ರಸೆಲ್ ಅದನ್ನು ಯೋಚಿಸಿಯೇ ಇರಲಿಲ್ಲ. "ಎರಡು ಗಂಟೆಗೆ ಆಟಕ್ಕೆ ಬಂದು ನೀವೇ ಇವರನ್ನ ಆಡಿಸ್ತೀರಾ?" ಎಂದು ಕೇಳಿಯೇಬಿಟ್ಟ.

ಮರ್ಲ್ ಹೆಣಿಗೆ ಹಿಡಿದುಕೊಂಡು ಬಂದು ಕೂತರು. ಕತೆಯಲ್ಲಿ ವೀರರು ರಕ್ಕಸರ ಗುಹೆಯ ಬಾಗಿಲಿಗೆ ಬಂದರು.

"ಶತ್ರುಗಳೆಲ್ಲಿ?" ಅಂದ ಕೋರಿ.

"ಮನೇಲಿಲ್ಲ," ಅಂದರು ಮರ್ಲ್.

ವೀರರು ಒಳಗೆ ಕಾಲಿಟ್ಟರು. ಹಿಂದೆ ಬಂಡೆ ಉರುಳಿ ಬಾಗಿಲು ಮುಚ್ಚಿತು. ಕಲ್ಲೊಂದು ಹಾರಿಬಂದು ದೀಪ ಆರಿಸಿತು. "ಗಾಯ ವಾಸಿ ಮಾಡೋಳು ನೀನೇ ತಾನೆ, ಚಿನ್ನಾ?" ಎಂದು ಮರ್ಲ್ ಅಕ್ಕರೆಯಿಂದ ಕೇಳಿ ಆರೂ ರಕ್ಕಸರನ್ನು ಟೆಗನ್ ಮೇಲೆ ಬಿಟ್ಟರು. ಕೋರಿ ಕತ್ತಿ ಎತ್ತುವಷ್ಟರಲ್ಲಿ ಅವಳು ಸತ್ತು ಬಿದ್ದಿದ್ದಳು, ರಕ್ಕಸರೆಲ್ಲರೂ ಕಿರುಬಿಲದೊಳಗೆ ಮಾಯ. ಕಬ್ಬಿಣದ ಅಂಗಿಯ ಕೋರಿ ಬೆನ್ನಟ್ಟಿ ಹೋಗಿ, ಉಪ್ಪಿನಕಾಯಿ ಭರಣಿಯಲ್ಲಿ ಸಿಕ್ಕ ಮುಷ್ಟಿಯಂತೆ ಸಿಕ್ಕಿಕೊಂಡ. ಹಿಂದಿನಿಂದ ಭರ್ಜಿ ಚುಚ್ಚತೊಡಗಿತು.

ರಸೆಲ್ ಎದ್ದು ನಿಂತ. ಹನ್ನೊಂದು ವರ್ಷ ಸಾಕಿದ ವೀರರು. "ಅಷ್ಟರಲ್ಲಿ ಆ ಕಡೆಯಿಂದ ಒಬ್ಬ ಒಳ್ಳೇ ಮಂತ್ರವಾದಿ..." ಎಂದು ಶುರು ಮಾಡಿದ.

"ಯಾರವನು?" ಮರ್ಲ್ ಕನ್ನಡಕದ ಮೇಲಿಂದ ನೋಡಿದರು. "ಆಟ ಶುರುವಾಗೋವಾಗ ಟೀಮ್ ಪಟ್ಟೀಲಿ ಇವನ ಹೆಸರು ಕೊಟ್ಟಿದ್ಯಾ?"

ಮಂತ್ರವಾದಿ ಬಂದ ದಾರಿಯಲ್ಲೇ ವಾಪಸ್ಸು ಹೋದ. ಮೂರು ಗಂಟೆಗೆ ಕೊನೆಯ ವೀರ ಲಾಕ್ಲನ್ ಕೂಡ ಸತ್ತು ನೆಲಕ್ಕೊರಗಿದ. ರಕ್ಕಸರ ಕಡೆ ಒಬ್ಬನ ಕಾಲು ಉಳುಕಿತ್ತು.

ಇನ್ನು ಶನಿವಾರಗಳು ಮುಗಿದವು ಎಂದು ರಸೆಲ್ ದಾಳಗಳನ್ನು ಡಬ್ಬಿಗೆ ತುಂಬತೊಡಗಿದ.

"ಡಬ್ಬಿ ಮುಚ್ಚಬೇಡ," ಅಂದಳು ಟೆಗನ್. "ಇಷ್ಟು ವರ್ಷದಲ್ಲಿ ಇಂಥಾ ಕಾಳಗ ಆಡಿಲ್ಲ. ಮುಂದಿನ ಶನಿವಾರ ಒಂದು ಗಂಟೆಗೇ ಬರ್ತೀವಿ."

ರಸೆಲ್‌ಗೆ ಕಣ್ಣು ತುಂಬಿಬಂತು. ಓಡಿಹೋಗಿ ಹೊಸ ವೀರರ ಹೆಸರು ಬರೆಯುವ ಮೂರು ಹಾಳೆ ತಂದು ಅವರ ಮುಂದಿಟ್ಟ.

ಕೋರಿ ಹಾಳೆಗಳನ್ನು ಮೆಲ್ಲಗೆ ಅವನ ಕಡೆಗೇ ಸರಿಸಿದ. "ನಮಗೆ ಬೇಡ. ನಾವು ಮೂವರೂ ಮರ್ಲ್ ಟೀಮಿಗೆ ಸೇರಿದೀವಿ. ರಕ್ಕಸರಾಗ್ತೀವಿ."

"ಹಾಗಾದ್ರೆ ವೀರರು ಯಾರು?"

ನಾಲ್ವರೂ ಅವನನ್ನೇ ನೋಡಿದರು.

ಟೆಗನ್ ಅವನ ಕೈಗೆ ಪೆನ್ಸಿಲ್ ಕೊಟ್ಟಳು. "ಹೆಸರು ಚಿಕ್ಕದಾಗೇ ಇಡು ರಸೆಲ್. ಪಾಪ, ಅವರು ಸಾಯೋದರೊಳಗೆ ಕೂಗಿ ಕರೆಯೋಕೂ ಪುರುಸೊತ್ತಿರಲ್ಲ."